ಅಕ್ಕನ ಎದೆಗೆ ಏಡಿಯ ನಂಟು

ಅಕ್ಕನಿಗೆ ಕಾಯಿಲೆ ಅಂತ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನನ್ನ ಕಾಲಿಗೆ. ಬೆಳಗಿನ ಬೂಂದಿ ಕರಿದು ಬಾಣಲೆ ಇಳಿಸಿ, ಎಂದಿನಂತೆ ಅವಳ ಮನೆ ಮುಂದೆ ಹೋಗಿ ನಿಂತಿದ್ದೆ. ಎಂದಿನಂತೆ ಅಂದರೆ ಬೀದಿಯ ಈಚೆ ಬದಿಯಲ್ಲಿ, ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ. ಅದಕ್ಕಿಂತ ಹತ್ತಿರ ಹೋಗಲು ನಮ್ಮಿಬ್ಬರಿಗೆ ನಲವತ್ತೆರಡು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ. ಅವತ್ತು ಒಂದು ಸೈಕಲ್ಲು ಮೈಮೇಲೆ ಬಂದಂತಾಗಿ, ತಪ್ಪಿಸಿಕೊಳ್ಳಲು ಮುಂದಕ್ಕೆ ಹೆಜ್ಜೆ ಇಟ್ಟೆ. ಎದೆಗೆ ಒತ್ತು ಸಿಗಲಿಲ್ಲ. ಇನ್ನೊಂದು ಇಟ್ಟೆ. ಸಿಗಲಿಲ್ಲ. ಮೂರನೆಯದನ್ನು ಇಟ್ಟಾಗ ಸಿಕ್ಕಿತು. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಅಕ್ಕನ ಹುಬ್ಬಿನ ಮೇಲೆ ಒಂದು ಸಣ್ಣ ಮಚ್ಚೆ ಇರುವುದನ್ನು ನಾನು ಮೊದಲ ಸಲ ಕಂಡೆ.

"ಗೌರಕ್ಕಾ! ಏಳು ಕಣೇ, ಏಳು!" ಅಂತ ಬೀದಿಯಲ್ಲೇ ಕುಣಿದುಬಿಟ್ಟೆ.

"ಎದ್ದು ಆಗ್ಲೇ ಮೂರು ಸಲ ಕಸ ಗುಡಿಸಿದೀನಿ. ಇನ್ನೆಷ್ಟು ಸಲ ಏಳ್ಲಿ?" ಅಂದಳು ಅಕ್ಕ. ಅಂದವಳು ಕೆಮ್ಮಿದಳು. ಕೆಮ್ಮು ನಿಲ್ಲಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂತಳು. ನನ್ನ ಕುಣಿತವೂ ಅಲ್ಲಿಗೆ ನಿಂತಿತು.

ನಮ್ಮ ಊರಿನಲ್ಲಿ ಒಂದೇ ತರದ ಎರಡು ವಸ್ತು ಒಂದು ಕಡೆ ಇರುವುದಿಲ್ಲ. ಮುನಿಸಿಕೊಂಡು ಒಂದನ್ನೊಂದು ತಳ್ಳುತ್ತವೆ. ಹಾಗಾಗಿ ನಮ್ಮ ಎಡಗಾಲಿಗೆ ಚರ್ಮದ ಚಪ್ಪಲಿ, ಬಲಗಾಲಿಗೆ ರಬ್ಬರಿನದು. ಅಕ್ಕಿ ಡಬ್ಬಿಗೆ ಒಂದು ಹಿಡಿ ಹುರುಳಿ ಹಾಕದೆ ಮುಚ್ಚಳ ಮುಚ್ಚುವ ಹೆಂಗಸು ಈ ಊರಲ್ಲಿಲ್ಲ. ಮುಚ್ಚಿದರೆ ಮುಚ್ಚಳ ಹಾರಿ ಸೂರಿಗೆ ಬಡಿಯುತ್ತದೆ. ಮೂವತ್ತು ವರ್ಷ ಸಂಸಾರ ಮಾಡಿದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೋಲತೊಡಗಿ, ಕೊನೆಗೆ ಒಬ್ಬರು ನಡುಮನೆಯಲ್ಲಿ, ಒಬ್ಬರು ಜಗಲಿಯಲ್ಲಿ ಮಲಗುತ್ತಾರೆ. ಅದು ನಮ್ಮಲ್ಲಿ ಹೆಮ್ಮೆಯ ವಿಷಯ. ಮುದುಕರಾದರೂ ಒಂದೇ ಮಂಚದಲ್ಲಿ ಮಲಗುವವರನ್ನು ಕಂಡರೆ ಜನ ಗುಸುಗುಸು ಮಾತಾಡಿಕೊಳ್ಳುತ್ತಾರೆ. ನನ್ನ ಬೂಂದಿಯನ್ನೇ ನೋಡಿ. ಬಾಣಲೆಯಲ್ಲಿ ಒಂದು ಕಾಳಿಗೆ ಇನ್ನೊಂದು ಅಂಟುವ ಮಾತೇ ಇಲ್ಲ, ಮುತ್ತು ಚೆಲ್ಲಿದ ಹಾಗೆ ದೂರ ದೂರ ಓಡಾಡಿಕೊಂಡು ಬೇಯುತ್ತವೆ. ಬೇರೆ ಊರುಗಳಲ್ಲಿ ಬೂಂದಿಯನ್ನು ಕೈಯಲ್ಲಿ ಅದುಮಿ ಉಂಡೆ ಕಟ್ಟುತ್ತಾರಂತೆ. ನಾನು ನಂಬುವುದಿಲ್ಲ.

ತಳ್ಳುವುದು ಇದ್ದ ಮೇಲೆ ಸೆಳೆಯುವುದೂ ಇರಬೇಕಲ್ಲ. ಇಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಒಂದು ನಂಟು ಇರುತ್ತದೆ. ಯಾವುದೋ ಒಂದು ವಸ್ತುವೋ ಜೀವವೋ ನಮ್ಮನ್ನು ಹುಡುಕಿಕೊಂಡು ಬಂದು ಅಂಟುತ್ತದೆ. ನಮ್ಮ ಆಸ್ಪತ್ರೆಯ ಡಾಕ್ಟ್ರಮ್ಮ ಫಿಲೋಮಿನಾ ಅವರ ನಂಟು ತಗಡು. ಅವರು ಬೀದಿಯಲ್ಲಿ ಹೋದರೆ ಖಾಲಿ ಡಬ್ಬಿಗಳು ಹಿಂದೆ ಉರುಳಿಕೊಂಡು ಹೋಗುವ ಸದ್ದಿನಿಂದಲೇ ಜನ ಎದ್ದು ನಿಲ್ಲುತ್ತಾರೆ. ನನಗೂ ಅಕ್ಕನಿಗೂ ಏಡಿ. ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಾಕು, ಎಲ್ಲೆಲ್ಲಿಂದಲೋ ಬಂದು ಸೀರೆಯ ಅಂಚಿಗೆ ನೇತುಬೀಳುತ್ತವೆ. ಅವನ್ನು ಬಿಡಿಸಿ ನೀರಿಗೆ ಬಿಟ್ಟು ಬರುವುದೇ ಒಂದು ಕೆಲಸ. ತನ್ನ ನಂಟನ್ನು ತಾನು ತಿನ್ನಬಾರದು ಅನ್ನುವುದು ಇಲ್ಲಿಯ ಕಟ್ಟಳೆ, ಹಾಗಾಗಿ ಏಡಿ ಸಾರಿನ ರುಚಿ ನಮಗಿಬ್ಬರಿಗೂ ಗೊತ್ತಿಲ್ಲ.

ನಾವು ಅವಳಿ. ಹಾಲು ಉಕ್ಕುವಷ್ಟು ಹೊತ್ತಿನ ಅಂತರದಲ್ಲಿ ಅವಳು ದೊಡ್ಡವಳು. ಗೌರು ಹುಟ್ಟಿದ್ದಲ್ಲ, ಒಳಗಿನಿಂದ ನಾನು ತಳ್ಳಿದ್ದು ಅಂತ ಸೂಲಗಿತ್ತಿ ಊರೆಲ್ಲ ಹೇಳಿಕೊಂಡು ತಿರುಗಿದ್ದಳಂತೆ. ಹೋಲಿಕೆ ಕಡಿಮೆಯಾಗಲಿ ಅಂತ ಅಪ್ಪ ಅವಳಿಗೆ ಗೌರು ಅಂತ ಮೋಟು ಹೆಸರು, ನನಗೆ ತ್ರಿಪುರಸುಂದರಮ್ಮಣ್ಣಿ ಅಂತ ಮೈಲುದ್ದದ ಹೆಸರು ಇಟ್ಟರು. ಊರು ಅದನ್ನು ಮುರಿದು ತಿಪ್ಪಿ ಮಾಡಿತು. ಅವಳನ್ನು ಅಜ್ಜಿ ಮನೆಯಲ್ಲಿ ಮುದ್ದೆ ಹಾಕಿ ಬೆಳೆಸಿದರು, ನನ್ನನ್ನು ಇಲ್ಲಿ ಅನ್ನ ಹಾಕಿ ಬೆಳೆಸಿದರು. ಏನೂ ಪ್ರಯೋಜನವಾಗಲಿಲ್ಲ. ಹತ್ತು ಹೆಜ್ಜೆ ಒಂಬತ್ತಾಗಲಿಲ್ಲ. ಹತ್ತು ಹೆಜ್ಜೆ ದೂರದಿಂದ ಗುಟ್ಟು ಹೇಳಿಕೊಳ್ಳಬೇಕಾದರೆ ಕೂಗಬೇಕು. ನನ್ನ ಮುಟ್ಟು ನಿಂತದ್ದು, ಅವಳ ಗಂಡ ಗೊರಕೆ ಹೊಡೆಯುವುದು, ನಾನು ಮದುವೆ ಬೇಡ ಅಂದದ್ದಕ್ಕೆ ನಿಜವಾದ ಕಾರಣ, ಎಲ್ಲವೂ ನಮ್ಮ ಬೀದಿಗೆ ಬಾಯಿಪಾಠ.

ಅವತ್ತೇ ಡಾಕ್ಟ್ರಮ್ಮ ಬಂದು ಅಕ್ಕನ ಎದೆಗೆ ಕೊಳವೆ ಇಟ್ಟು ಕೇಳಿದರು. ಭಾವ ಚನ್ನಿಗಪ್ಪ ಹಾಸಿಗೆ ಮಾಡುವವರು. ಇಪ್ಪತ್ತು ವರ್ಷದಿಂದ ಅಕ್ಕ ಅವರ ಜೊತೆ ಅರಳೆ ಬಿಡಿಸುತ್ತಿದ್ದಳು. ಧೂಳು ಎದೆಯೊಳಗೆ ಹೋಗಿ ಕೂತು ಹುಣ್ಣಾಗಿತ್ತು. ನಾನು ಏಳು ಹೆಜ್ಜೆಯ ಮಾತು ಹೇಳಿದೆ. ಡಾಕ್ಟ್ರಮ್ಮನ ಮುಖ ಸಣ್ಣದಾಯಿತು.

"ಖುಷಿ ಪಡೋ ಸುದ್ದಿ ಅಲ್ಲ ತಿಪ್ಪಮ್ಮ," ಅಂದರು. "ನೀನು ಗಟ್ಟಿಯಾಗಿದೀಯ, ಅವಳು ಕರಗ್ತಿದಾಳೆ. ಹೋಲಿಕೆ ಹೋಗ್ತಿದೆ, ಅದಕ್ಕೇ ಹತ್ರ ಬರಕ್ಕೆ ಆಗ್ತಿದೆ. ಹೆಜ್ಜೆ ಸೊನ್ನೆಗೆ ಬಂದು ಅಲ್ಲೇ ನಿಂತ್ರೆ ಅವಳು ಉಳಿಯಲ್ಲ."

"ಮದ್ದಿಲ್ವಾ?"

"ಒಳ್ಳೇ ಮದ್ದೇ ಇದೆ. ಎದೆಯೊಳಗೆ ನಿಲ್ಲಬೇಕಲ್ಲ!"

ನಿಲ್ಲುತ್ತಿರಲಿಲ್ಲ. ನಾನೇ ಕಣ್ಣಾರೆ ನೋಡಿದೆ. ಮದ್ದಿನ ಹಬೆ ಎಳೆದುಕೊಂಡ ಮರುಗಳಿಗೆ ಅಕ್ಕನಿಗೆ ಸೀನು ಬರುತ್ತಿತ್ತು, ಒಳಗೆ ಹೋದದ್ದಷ್ಟೂ ಎದುರಿನ ಗೋಡೆಗೆ ಹೋಗಿ ಬೀಳುತ್ತಿತ್ತು. ವಾರದೊಳಗೆ ಗೋಡೆಯ ಆ ಭಾಗ ತಿಳಿ ನೀಲಿಯಾಯಿತು. ಗೋಡೆಗೆ ಮಾತ್ರ ಯಾವ ಕಾಯಿಲೆಯೂ ಬರುವುದಿಲ್ಲ ಬಿಡಿ ಅಂತ ಭಾವ ನಗಿಸಲು ನೋಡಿದರು, ಯಾರೂ ನಗಲಿಲ್ಲ. ಹೆಜ್ಜೆ ಆರಕ್ಕೆ ಇಳಿಯಿತು.

ಆರು ಆದ ದಿನ ನಾನು ಆಸ್ಪತ್ರೆಗೆ ಹೋಗಿ ಆ ಮದ್ದಿನ ಒಂದು ತೊಟ್ಟನ್ನು ನನ್ನ ಅಂಗೈಗೆ ಹಾಕಿ ಅಂದೆ. ತೊಟ್ಟು ಅಂಗೈಯಲ್ಲಿ ನಿಲ್ಲದೆ ಮೊಣಕೈಯವರೆಗೆ ಓಡಿ ನೆಲಕ್ಕೆ ಹಾರಿತು. ನೋಡುತ್ತಾ ನಿಂತವಳಿಗೆ ಮೈ ಜುಮ್ಮೆಂದಿತು.

"ಡಾಕ್ಟ್ರಮ್ಮ, ಈ ಮದ್ದು ನಮ್ಮ ತರದ್ದು. ನನ್ನ ತರ, ಅಕ್ಕನ ತರ. ಅದಕ್ಕೇ ತಳ್ಳುತ್ತೆ."

"ಹೂಂ, ಅದು ಗೊತ್ತಿರೋದೇ."

"ನಮಗೆ ಏಡಿ ನಂಟು. ಹಂಗಾದ್ರೆ ನಮ್ಮ ತರದ ಮದ್ದಿಗೂ ಏಡಿ ನಂಟೇ ಅಲ್ವಾ? ಏಡಿ ಒಂದು ಕೈಯಲ್ಲಿ ಮದ್ದು ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಅಕ್ಕನ್ನ ಹಿಡ್ಕೊಳ್ಳಲ್ವಾ?"

ಡಾಕ್ಟ್ರಮ್ಮ ಕುರ್ಚಿಯಿಂದ ಎಷ್ಟು ಜೋರಾಗಿ ಎದ್ದರೆಂದರೆ ಕಪಾಟಿನ ತಗಡಿನ ಡಬ್ಬಿಗಳೆಲ್ಲ ಒಟ್ಟಿಗೆ ಅವರ ಮೈಮೇಲೆ ಬಿದ್ದವು. ಡಬ್ಬಿಗಳನ್ನು ಕೊಡವಿಕೊಳ್ಳುತ್ತಲೇ ಪುಸ್ತಕ ತೆಗೆದರು. ಏಡಿಯ ಚಿಪ್ಪನ್ನು ತೊಳೆದು, ಹುಳಿಯಲ್ಲಿ ನೆನೆಸಿ, ಕ್ಷಾರದ ನೀರಿನಲ್ಲಿ ಕುದಿಸಿದರೆ ಬಿಳಿ ಹೊಟ್ಟಿನಂಥದ್ದು ಉಳಿಯುತ್ತದೆ, ಅದನ್ನು ವಿನಿಗರ್‌ನಲ್ಲಿ ಕರಗಿಸಿದರೆ ಗಂಜಿಯಂಥ ಅಂಟು ಆಗುತ್ತದೆ ಅಂತ ಓದಿ ಹೇಳಿದರು. ಆ ಅಂಟಿನೊಳಗೆ ಮದ್ದು ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಾಳು ಮಾಡಬೇಕು. ಕಾಳು ಎದೆಯೊಳಗೆ ಹೋಗಿ ಅಂಟಿ, ದಿನಾ ಒಂದಿಷ್ಟು ಮದ್ದು ಬಿಟ್ಟು, ಕೊನೆಗೆ ತಾನೂ ಕರಗಿ ಹೋಗಬೇಕು. ಮನೆಗೆ ಬಂದ ನೆಂಟರು ಕೆಲಸ ಮಾಡಿಕೊಟ್ಟು, ಹೊರಡಿ ಅನ್ನಿಸಿಕೊಳ್ಳದೆ ಹೊರಟುಹೋದ ಹಾಗೆ. ಅಂಥ ನೆಂಟರನ್ನು ನಾನಂತೂ ನೋಡಿಲ್ಲ, ಆದರೆ ಕಾಳು ಮಾಡುವುದು ನನಗೆ ಗೊತ್ತು. ಇಪ್ಪತ್ತೈದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿರುವವಳು ನಾನು.

"ನಾಳೆಯಿಂದ ಬೂಂದಿ ಅಂಗಡಿ ಬಂದ್," ಅಂದೆ.

ಕಾಲುವೆಯ ದಡದಲ್ಲಿ ಏಡಿಗಳು ಕಳಚಿ ಬಿಟ್ಟುಹೋದ ಚಿಪ್ಪು ಎರಡು ಕುಕ್ಕೆ ಸಿಕ್ಕಿತು. ಅಂಟು ತಯಾರಾಯಿತು. ಮೊದಲು ನನ್ನ ಬೂಂದಿ ಜಾಲರಿಯನ್ನೇ ಹಿಡಿದೆ. ಎಣ್ಣೆಯ ಮೇಲೆ ಎತ್ತಿ ಹಿಡಿದು ಅಂಟು ಸುರಿದು ಕೋಲಿನಿಂದ ತಟ್ಟಿದರೆ, ಸಾಸಿವೆ ಗಾತ್ರದ ಗುಂಡು ಗುಂಡು ಕಾಳು ಬಿದ್ದವು. ಎಷ್ಟು ಚೆನ್ನಾಗಿದ್ದವೆಂದರೆ ಬಾಯಿಗೆ ಹಾಕಿಕೊಳ್ಳಬೇಕು ಅನ್ನಿಸಿತು. ಡಾಕ್ಟ್ರಮ್ಮ ನೋಡಿ ತಲೆ ಅಲ್ಲಾಡಿಸಿದರು.

"ಎದೆಯೊಳಗಿನ ದಾರಿ ಕೂದಲಿಗಿಂತ ಸಣ್ಣದು ತಿಪ್ಪಮ್ಮ. ಇದು ಹೋಗಿ ಗಂಟಲಲ್ಲೇ ಕೂತ್ಕೊಳುತ್ತೆ. ಇದನ್ನ ನೂರು ಪಾಲು ಮಾಡು, ಅದರಲ್ಲಿ ಒಂದು ಪಾಲು ತಗೊಂಡು ಮತ್ತೆ ಪಾಲು ಮಾಡು."

ಮಲ್ಲು ಬಟ್ಟೆಯಲ್ಲಿ ಹಿಂಡಿ ನೋಡಿದೆ. ಮದುವೆ ಮನೆಯ ಪನ್ನೀರು ದಾನಿಯಲ್ಲಿ ಚಿಮುಕಿಸಿ ನೋಡಿದೆ. ಸಾಲದು, ಸಾಲದು. ಆಮೇಲೆ ಮಜ್ಜಿಗೆ ಕಡೆಯುವ ಕಡೆಗೋಲು ಕಣ್ಣಿಗೆ ಬಿತ್ತು. ಎಣ್ಣೆಗೆ ಅಂಟು ಸುರಿದು ಕಡೆದರೆ ಅಂಟು ಒಡೆದು ತೊಟ್ಟಾಗುತ್ತದೆ, ಇನ್ನೂ ಕಡೆದರೆ ತೊಟ್ಟು ಒಡೆದು ಹನಿಯಾಗುತ್ತದೆ. ಊರಿನ ಯಾವ ಹೆಂಗಸಿಗೆ ಗೊತ್ತಿಲ್ಲ ಇದು! ಬೆಳಗಿನಿಂದ ಮಧ್ಯಾಹ್ನದವರೆಗೆ ಕಡೆದೆ. ಎಣ್ಣೆ ಬೆಳ್ಳಗೆ ಹಾಲಿನಂತಾಯಿತು. ಡಾಕ್ಟ್ರಮ್ಮ ಉಪ್ಪಿನಂಥ ಯಾವುದೋ ಪುಡಿ ಕರಗಿಸಿದ ನೀರನ್ನು ತೊಟ್ಟು ತೊಟ್ಟಾಗಿ ಬಿಡುತ್ತಾ ಹೋದರು. ಹನಿಗಳು ಗಟ್ಟಿಯಾಗಲು ಅದು. ಎಣ್ಣೆ ಬಸಿದು, ಸ್ಪಿರಿಟ್‌ನಲ್ಲಿ ತೊಳೆದು, ಬಟ್ಟೆಯ ಮೇಲೆ ಆರಿಸಿದಾಗ ಉಳಿದದ್ದು ರಾಗಿ ಹಿಟ್ಟಿಗಿಂತ ನಯವಾದ ಒಂದು ಬಟ್ಟಲು ಪುಡಿ.

ಆದರೆ ಅದು ನನ್ನ ಕೈಗೆ ಅಂಟಲಿಲ್ಲ. ಮುಂಗೈ ಮೇಲೆ ಉದುರಿಸಿ ಊದಿದರೆ ಹಾರಿಹೋಯಿತು. ಬಟ್ಟಲಲ್ಲಿದ್ದದ್ದು ಸಂಜೆಯೊಳಗೆ ಹೆಪ್ಪುಗಟ್ಟಿ ಕೂತಿತು. ನಮ್ಮ ಊರಿನಲ್ಲಿ ಒಂದೇ ತರದ್ದು ಹೆಪ್ಪುಗಟ್ಟುವುದೆಂದರೆ! ಇಬ್ಬರೂ ಬೆಪ್ಪಾಗಿ ನೋಡಿದೆವು. ಆಮೇಲೆ ಡಾಕ್ಟ್ರಮ್ಮನಿಗೆ ಹೊಳೆಯಿತು. ಆಸೆಗೆ ಬಿದ್ದು ನಾವು ಮದ್ದನ್ನು ಹೆಚ್ಚು ಹಾಕಿದ್ದೆವು. ಎಷ್ಟು ಏಡಿಯೋ ಅಷ್ಟೇ ಮದ್ದು. ಏಡಿಯ ಎಲ್ಲ ಕೈಗಳೂ ಮದ್ದನ್ನೇ ಹಿಡಿದುಕೊಂಡು ಕೂತಿದ್ದವು, ಅಕ್ಕನನ್ನು ಹಿಡಿಯಲು ಒಂದು ಕೈಯೂ ಖಾಲಿ ಇರಲಿಲ್ಲ. ಮುನಿಸಿಕೊಳ್ಳುವ ತ್ರಾಣವೂ ಇರಲಿಲ್ಲ.

ಮಾರನೆಯ ದಿನ ನಾಲ್ಕು ಪಾಲು ಏಡಿಗೆ ಒಂದು ಪಾಲು ಮದ್ದು. ಡಾಕ್ಟ್ರಮ್ಮ ಬಟ್ಟಲನ್ನು ನನ್ನ ಹತ್ತಿರ ತಂದರು. ಇನ್ನೂ ಒಂದು ಗೇಣು ದೂರ ಇರುವಾಗಲೇ ಪುಡಿ ಬಟ್ಟಲಿನಿಂದೆದ್ದು ನನ್ನ ಮುಂಗೈಗೆ ಬಂದು ಕೂತಿತು. ಊದಿದೆ, ಕೊಡವಿದೆ, ಕೈ ತಲೆಕೆಳಗು ಮಾಡಿದೆ. ಹೋಗಲಿಲ್ಲ! ಒಂದು ಕಾಳಿಗೂ ಇನ್ನೊಂದಕ್ಕೂ ನಡುವೆ ಮಾತ್ರ ಸಮ ಸಮ ಜಾಗ, ಯಾರೂ ಯಾರನ್ನೂ ಮುಟ್ಟುತ್ತಿಲ್ಲ. ನಾನು ಡಾಕ್ಟ್ರಮ್ಮನನ್ನು ತಬ್ಬಿಕೊಂಡೆ, ಅವರ ಸೊಂಟಕ್ಕೆ ಅಂಟಿದ್ದ ಬಿಸ್ಕತ್ತಿನ ಡಬ್ಬಿಯ ಸಮೇತ.

ಇನ್ನುಳಿದದ್ದು ಗಡುವು. ಎಷ್ಟು ದಿನಕ್ಕೆ ಕರಗುತ್ತದೆ ಅನ್ನುವುದು. ನನಗೆ ಅಂಟಿದ್ದು ಅಕ್ಕನಿಗೆ ಅಂಟುತ್ತದೆ, ನನ್ನೊಳಗೆ ಕರಗಿದ್ದು ಅವಳೊಳಗೆ ಕರಗುತ್ತದೆ. ಹಾಗಾಗಿ ಪರೀಕ್ಷೆಗೆ ನನ್ನ ಬಾಯಿ. ಮದ್ದಿನ ಬದಲು ಬೀಟ್‌ರೂಟ್ ರಸ ತುಂಬಿದ ಕಾಳನ್ನು ಕೆನ್ನೆಯ ಒಳಗೆ ಅಂಟಿಸಿಕೊಂಡೆ. ಮೊದಲ ಸಲ ಗಟ್ಟಿ ಮಾಡುವ ನೀರು ಹೆಚ್ಚಾಗಿ, ಮೂರು ದಿನ ಉಗುಳಿದರೂ ಎಂಜಲು ಬಿಳಿಯೇ. ಎರಡನೆಯ ಸಲ ಕಡಿಮೆಯಾಗಿ, ಅರ್ಧ ಗಂಟೆಯಲ್ಲೇ ಬಾಯೆಲ್ಲ ಕೆಂಪು. ತಿಪ್ಪಿ ಎಲೆ ಅಡಿಕೆ ಶುರು ಮಾಡಿದಳು ಅಂತ ಬೀದಿಯಲ್ಲಿ ಸುದ್ದಿಯಾಯಿತು. ಮೂರನೆಯ ಸಲ, ಒಂದು ದಿನ ತಿಳಿಗೆಂಪು, ಎರಡನೆಯ ದಿನವೂ ತಿಳಿಗೆಂಪು, ಮೂರು, ನಾಲ್ಕು, ಐದನೆಯ ದಿನ ಬಿಳಿ. ಕೆನ್ನೆಗೆ ಬೆರಳು ಹಾಕಿ ತಡವಿದರೆ ಏನೂ ಇಲ್ಲ. ಆಸ್ಪತ್ರೆಯ ಅಂಗಳದಲ್ಲಿ ನಿಂತು ಬಿಳಿ ಎಂಜಲು ಉಗುಳಿ ನಾನು ಕೇಕೆ ಹಾಕಿದ್ದನ್ನು ಕಂಡವರು ಇವಳಿಗೂ ಏನೋ ಆಗಿದೆ ಅಂದುಕೊಂಡಿರಬೇಕು.

ಆ ಹೊತ್ತಿಗೆ ಅಕ್ಕನಿಗೂ ನನಗೂ ಮೂರು ಹೆಜ್ಜೆ ಉಳಿದಿತ್ತು. ದಿನಾ ಸಂಜೆ ಹೋಗುತ್ತಿದ್ದೆ. ಮೂರು ಹೆಜ್ಜೆ ದೂರದಲ್ಲಿ ಅವಳ ಉಸಿರು ಕೇಳಿಸುತ್ತಿತ್ತು. ತಲೆಗೆ ಹಚ್ಚಿದ ಎಣ್ಣೆಯ ವಾಸನೆ ಬರುತ್ತಿತ್ತು. ಅವಳು ಕೂಗದೆ ಮಾತಾಡಿದರೆ ಅವಳ ದನಿ ಎಷ್ಟು ಮೆತ್ತಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಂದು ಸಂಜೆ ನನ್ನೊಳಗೆ ಒಂದು ಕೆಟ್ಟ ಆಸೆ ಹುಟ್ಟಿತು. ಪೂರ್ತಿ ಗುಣವಾಗುವುದು ಬೇಡ, ಪೂರ್ತಿ ಹೋಗುವುದೂ ಬೇಡ, ಹೀಗೇ ಮೂರು ಹೆಜ್ಜೆಯಲ್ಲಿ ಇದ್ದುಬಿಡಲಿ ಅಂತ. ನಾಚಿಕೆಯಿಂದ ಮುಖ ಬಿಸಿಯಾಯಿತು. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ನಂಗೂ ಹಂಗೇ ಅನ್ನಿಸ್ತು ಕಣೇ," ಅಂದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ.

ಮದ್ದು ತುಂಬಿದ ಪುಡಿ ತಯಾರಾದ ದಿನ ಅದನ್ನು ಒಂದು ಗಾಜಿನ ಭರಣಿಯಲ್ಲಿ ತಂದು ಅಕ್ಕನ ಮನೆಯ ಗೂಡಿನಲ್ಲಿಟ್ಟೆ. ಡಾಕ್ಟ್ರಮ್ಮ ಎಳೆದುಕೊಳ್ಳುವ ಕೊಳವೆ ತರಲು ಆಸ್ಪತ್ರೆಗೆ ಹೋದರು, ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ. ತಿರುಗಿ ಬಂದು ನೋಡಿದರೆ ಭರಣಿಯಲ್ಲಿ ಪುಡಿಯಿಲ್ಲ. ಇದ್ದದ್ದು ಒಂದು ಮುದ್ದೆ. ಪಕ್ಕದಲ್ಲಿ ಭಾವ ಚಿರೋಟಿ ರವೆಯ ಡಬ್ಬಿ ಹಿಡಿದು ನಿಂತಿದ್ದರು.

"ಮುಚ್ಚಳ ಎದ್ದೆದ್ದು ಕುಣೀತಿತ್ತು ತಿಪ್ಪಿ," ಅಂದರು. "ಎಲ್ಲಿ ಹಾರಿ ಚೆಲ್ಲೋಗುತ್ತೋ ಅಂತ ಒಂದು ಹಿಡಿ ರವೆ ಹಾಕ್ದೆ."

ಹುಟ್ಟಿದಾಗಿನಿಂದ ಎಲ್ಲ ಡಬ್ಬಿಗೂ ಮಾಡುವುದನ್ನೇ ಅವರು ಮಾಡಿದ್ದರು. ಅವರ ಜಾಗದಲ್ಲಿ ನಾನಿದ್ದರೂ ಕೈ ತಾನಾಗಿ ರವೆಗೆ ಹೋಗುತ್ತಿತ್ತೇನೋ. ಮುನಿಸು ಇದ್ದರೆ ತಾನೇ ಕಾಳು ಕಾಳಾಗಿ ಉಳಿಯುವುದು? ರವೆ ಸಿಕ್ಕಿದ್ದೇ ತಡ, ನಮ್ಮ ಕಾಳೆಲ್ಲ ಅದರ ಮೈಗೆ ಮೆತ್ತಿ ಮುದ್ದೆಯಾಗಿದ್ದವು. ಇದೆಲ್ಲ ಈಗ ಹೇಳುವ ಮಾತು. ಆಗ ನಾನು ಬಾಯಿಗೆ ಬಂದ ಹಾಗೆ ಬೈದೆ. ನಿಮ್ಮ ತಲೆಯಲ್ಲಿರುವುದೂ ಅರಳೆಯೇ ಅಂದೆ. ಹಾಸಿಗೆ ಹೊತ್ತು ಸಂತೆಗೆ ನಡೆಯುವ ಆ ಗಟ್ಟಿ ಮನುಷ್ಯ ನೆಲದ ಮೇಲೆ ಕೂತು ಗೊಳೋ ಅಂತ ಅತ್ತರು.

"ಅವರನ್ನ ಬೈಬೇಡ ಕಣೇ," ಅಂತ ಒಳಗಿನಿಂದ ಅಕ್ಕನ ದನಿ ಬಂತು. ಪೂರ್ತಿ ಕೇಳಿಸಲಿಲ್ಲ. ಒಳಗೆ ಓಡಿದೆ. ಒಂದು ಹೆಜ್ಜೆಯವರೆಗೆ ಓಡಿದ ಮೇಲೆಯೇ ನನಗೆ ಗೊತ್ತಾದದ್ದು, ಬರಿಯ ಒಂದು ಹೆಜ್ಜೆ ಉಳಿದಿದೆ ಅಂತ.

ಚಿಪ್ಪು ಮುಗಿದಿತ್ತು. ಏಡಿಗಳು ಮತ್ತೆ ಚಿಪ್ಪು ಕಳಚುವುದು ಯಾವಾಗಲೋ. ನಾನು ಬೀದಿಯ ನಡುವೆ ನಿಂತೆ. ನಲವತ್ತೆರಡು ವರ್ಷ ಅಕ್ಕನ ಜೊತೆ ಕೂಗಿ ಕೂಗಿ ಪಳಗಿದ ಗಂಟಲು ಎಲ್ಲ ಬಾಗಿಲಿಗೂ ಮುಟ್ಟಿತು. "ಏಡಿ ಚಿಪ್ಪು ಬೇಕು! ಯಾರ ಮನೇಲಿದ್ರೂ ಕೊಡಿ! ತಿಪ್ಪೆಗೆ ಎಸೆದಿದ್ರೂ ಆರಿಸಿಕೊಡಿ!" ಮೊದಲು ಮೂಲೆಮನೆಯ ಸಾಹೇಬರ ಹೆಂಡತಿ ಬೀಬಮ್ಮ ಒಂದು ತಟ್ಟೆ ತಂದರು. ಆಮೇಲೆ ಮನೆಮನೆಯಿಂದ ಬಂತು. ಇಲ್ಲದವರು ಕಾಲುವೆಗೆ ಹೋಗಿ ಹಿಡಿದು ತಂದು, ಬೆಳಿಗ್ಗೆ ಹತ್ತು ಗಂಟೆಗೇ ಒಲೆಯ ಮೇಲೆ ಏಡಿ ಸಾರು ಇಟ್ಟರು. ಅವತ್ತು ಊರಿಗೆ ಊರೇ ಏಡಿ ತಿಂದಿತು. ನಾನು ಕಾಲುವೆಗೆ ಹೋಗಿ ನೀರಿನಲ್ಲಿ ಕೈ ಇಟ್ಟು, ತಪ್ಪಾಯಿತು, ನಿಮ್ಮವಳೇ ಆದ ಒಬ್ಬಳನ್ನು ಉಳಿಸಿಕೊಳ್ಳಬೇಕು ಅಂತ ಕೇಳಿಕೊಂಡೆ. ಅವು ಆಗಲೂ ಬಂದು ನನ್ನ ಬೆರಳಿಗೆ ನೇತುಬಿದ್ದವು.

ಈ ಸಲ ಕಡೆದದ್ದು ಭಾವ. ನಾನು ತೋರಿಸಿಕೊಟ್ಟೆ, ಅವರು ಕಡೆದರು. ಅರಳೆ ಬಡಿದು ಬಡಿದು ಗಟ್ಟಿಯಾದ ತೋಳು, ಎಣ್ಣೆ ಗಳಿಗೆಯಲ್ಲಿ ಹಾಲಾಯಿತು. ಪುಡಿ ಹೋದ ಸಲಕ್ಕಿಂತ ನಯವಾಗಿ ಬಂತು ಅಂತ ಹೇಳಲು ನನಗೆ ಹೊಟ್ಟೆಕಿಚ್ಚಾದರೂ ಹೇಳಲೇಬೇಕು. ಭರಣಿಯ ಮುಚ್ಚಳದ ಮೇಲೆ ಭಾವ ಎರಡೂ ಕೈ ಊರಿ ಕೂತರು. ರವೆ ಡಬ್ಬಿಯನ್ನು ಡಾಕ್ಟ್ರಮ್ಮ ತಮ್ಮ ಬೆನ್ನಿಗೆ ಅಂಟಿಸಿಕೊಂಡರು.

ಪುಡಿ ತೆಗೆದುಕೊಂಡು ಒಳಗೆ ಹೋದೆ. ಮಂಚದವರೆಗೂ ಹೋದೆ. ಏನೂ ತಡೆಯಲಿಲ್ಲ. ಸೊನ್ನೆ. ಅಕ್ಕನ ಪಕ್ಕ ಕೂತೆ. ಅವಳ ಕೈ ಹಿಡಿದೆ. ಸಣ್ಣದಾಗಿತ್ತು, ಬಿಸಿಯಾಗಿತ್ತು, ನನ್ನ ಕೈಯಂತೆ ಇರಲೇ ಇಲ್ಲ. ಹೆಬ್ಬೆರಳಿನ ಬುಡದಲ್ಲಿ ಸೂಜಿ ಹಿಡಿದು ಆದ ಜಡ್ಡು. ಇದೇ ಮೊದಲು, ಇದೇ ಕೊನೆ ಆದರೆ ಏನು ಮಾಡಲಿ ಅನ್ನಿಸಿತು. ಕೊಳವೆಯನ್ನು ಅವಳ ತುಟಿಗಿಟ್ಟೆ.

"ಜೋರಾಗಿ ಎಳ್ಕೋ ಅಕ್ಕ. ಸೀನಬೇಡ."

ಎಳೆದುಕೊಂಡಳು. ಡಾಕ್ಟ್ರಮ್ಮ, ಭಾವ, ನಾನು, ಮೂವರೂ ಎದುರಿನ ನೀಲಿ ಗೋಡೆಯನ್ನು ನೋಡುತ್ತಾ ಉಸಿರು ಬಿಗಿಹಿಡಿದೆವು. ಅಕ್ಕನ ಮೂಗಿನ ಹೊಳ್ಳೆ ಅರಳಿತು. ಮುಖ ಕಿವುಚಿಕೊಂಡಿತು. ನಿಂತಿತು. ಸೀನು ಬರಲಿಲ್ಲ.

"ಒಳಗೆ ಏನೋ ಕಚ್ಕೊಂಡಂಗಾಯ್ತು," ಅಂದಳು. "ಏಡಿ ಕಚ್ಚಿದಂಗೇ. ನೋವಿಲ್ಲ."

ಮೂರು ದಿನ ನಾನು ಮಂಚ ಬಿಟ್ಟು ಕದಲಲಿಲ್ಲ. ತಲೆ ಬಾಚಿದೆ. ಕಾಲು ಒತ್ತಿದೆ. ಅವಳು ನನ್ನ ಕಿವಿ ಹಿಡಿದು ಹತ್ತಿರಕ್ಕೆ ಎಳೆದು ಪಿಸುಮಾತಿನಲ್ಲಿ ಪಕ್ಕದ ಮನೆಯವರ ಚಾಡಿ ಹೇಳಿದಳು. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆವು. ಎರಡನೆಯ ದಿನ ಕೆಮ್ಮು ಕಡಿಮೆಯಾಯಿತು. ಮೂರನೆಯ ದಿನ ಹಸಿವು ಅಂದಳು. ಡಾಕ್ಟ್ರಮ್ಮ ಕೊಳವೆ ಇಟ್ಟು ಕೇಳಿ, ನನ್ನ ಭುಜ ತಟ್ಟಿ ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಗಂಜಿ ಕುಡಿಸುತ್ತಿದ್ದೆ. ನನ್ನ ಕೈ ಅವಳ ಬಾಯಿಯ ಹತ್ತಿರ ಹೋಗಿ ಪಕ್ಕಕ್ಕೆ ಸರಿಯಿತು, ಗಂಜಿ ಅವಳ ಕೆನ್ನೆಗೆ ಚೆಲ್ಲಿತು. ಮತ್ತೆ ಹಿಡಿದೆ, ಮತ್ತೆ ಸರಿಯಿತು. ಎದೆಯ ಮೇಲೆ ಯಾರೋ ಮೆಲ್ಲಗೆ ಅಂಗೈ ಇಟ್ಟು ಒತ್ತಿದಂತಾಯಿತು.

"ಬಂತು!" ಅಂತ ಕಿರುಚಿದೆ. "ಭಾವಾ, ಬಂತು! ತಳ್ತಿದಾಳೆ!"

ಭಾವ ಓಡಿ ಬಂದರು. ನಾನು ಬಟ್ಟಲು ಬಿಸಾಡಿ ಅಕ್ಕನ ಕೈಯನ್ನು ಎರಡು ಕೈಯಲ್ಲೂ ಹಿಡಿದುಕೊಂಡೆ. ಒತ್ತು ಏರುತ್ತಾ ಹೋಯಿತು. ಮಂಚದ ಅಂಚಿಗೆ ಜಾರಿದೆ. ಕಾಲು ನೆಲದ ಮೇಲೆ ನಿಲ್ಲದೆ ಹಿಂದಕ್ಕೆ ಉಜ್ಜಿಕೊಂಡು ಹೋಗುತ್ತಿತ್ತು.

"ತಿಪ್ಪಿ, ಕೈ ಬಿಡೇ."

"ಬಿಡಲ್ಲ."

"ನೋಯುತ್ತೆ ಕಣೇ, ಬಿಡೇ." ಅವಳು ಅಳುತ್ತಿದ್ದಳು, ನಗುತ್ತಿದ್ದಳು.

"ಒಂಚೂರು ಇರೇ, ಇನ್ನೊಂದು ಗಳಿಗೆ."

ಬೆರಳು ಒಂದೊಂದೇ ಜಾರಿದವು. ಕೊನೆಯದನ್ನು ನಾನೇ ಬಿಟ್ಟೆ. ಬಿಟ್ಟದ್ದೇ ತಡ ಬಾಗಿಲಿನಿಂದ ಆಚೆಗೆ ಬಂದು ಬಿದ್ದೆ. ಎದ್ದೆ. ಅವಳು ಒಳಗೆ ಎದ್ದು ನಿಂತಿರಬೇಕು, ಒತ್ತು ಇನ್ನೂ ಜೋರಾಯಿತು. ಬೀದಿಯಲ್ಲಿ ಬೆನ್ನು ಹಿಂದಾಗಿ ನಡೆಯುತ್ತಾ ಹೋದೆ, ಭಾವ ಜಗಲಿಯ ಮೇಲೆ ನಿಂತು ಹರಾಜು ಕೂಗುವವರ ಹಾಗೆ ಹೊಸ್ತಿಲಿನಿಂದ ಹೆಜ್ಜೆ ಎಣಿಸಿದರು. ಅಕ್ಕಪಕ್ಕದ ಮನೆಯವರೂ ದನಿಗೂಡಿಸಿದರು. ಎಂಟು, ಒಂಬತ್ತು, ಹತ್ತು! ಹತ್ತಕ್ಕೂ ನಿಲ್ಲಲಿಲ್ಲ, ಹಿಂದೆಂದಿಗಿಂತ ಹೆಚ್ಚು ಹೋಲುತ್ತಿದ್ದೆವೇನೋ. ಹನ್ನೊಂದಕ್ಕೆ ಎದುರು ಮನೆಯ ಗೋಡೆ ನನ್ನ ಬೆನ್ನಿಗೆ ತಗುಲಿತು. ಅಕ್ಕ ಹೊಸ್ತಿಲಿಗೆ ಬಂದಳು. ಯಾರ ಕೈಯನ್ನೂ ಹಿಡಿಯದೆ ತಾನೇ ನಡೆದು ಬಂದಳು.

"ಅಳ್ತಿದೀಯೇನೇ?" ಅಂತ ಕೂಗಿದಳು. ಇಡೀ ಬೀದಿಗೆ ಕೇಳಿಸುವ ಹಳೆಯ ದನಿ.

"ಇಲ್ಲ ಕಣೇ! ಹಿಂದಕ್ಕೆ ಹೋಗೋಕೆ ಜಾಗ ಇಲ್ಲ! ಗೋಡೆ ಅಡ್ಡ ಬಂತು!"

ಅಕ್ಕ ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೊಸ್ತಿಲು ದಾಟಿ, ಬೇಕೆಂದೇ, ಇನ್ನೊಂದು ಹೆಜ್ಜೆ ಮುಂದಕ್ಕೆ ಇಟ್ಟಳು. ಇನ್ನೊಂದನ್ನೂ ಇಟ್ಟಳು. ಗೋಡೆಗೂ ಅವಳಿಗೂ ನಡುವೆ ಸಿಕ್ಕಿ ನನ್ನ ಎದೆ, ಹೊಟ್ಟೆ, ತೋಳು ಎಲ್ಲ ಒಟ್ಟಿಗೆ ಬಿಗಿದವು, ಪಕ್ಕೆಲುಬು ಕಿರುಗುಟ್ಟಿತು, ಉಸಿರು ಸಿಕ್ಕಿಕೊಂಡಿತು. ಅವಳು ಎರಡೂ ತೋಳು ನನ್ನ ಕಡೆಗೆ ಚಾಚಿ ಬೀದಿಯ ನಡುವೆ ನಿಂತಿದ್ದಳು. ನನ್ನ ಅಕ್ಕ ನನ್ನನ್ನು ತಬ್ಬಿಕೊಂಡದ್ದು ಹೀಗೆ, ಒಂಬತ್ತು ಹೆಜ್ಜೆ ದೂರದಿಂದ.